ಸುಮ್ಮನಿರುವುದಕ್ಕೂ ವಿದ್ಯುತ್ ಬೇಕು

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಬೀದಿಯ ಜನರೆಲ್ಲ ಊಟ ಮುಗಿಸಿ ಮಲಗಿದ್ದ ಹೊತ್ತು. ಎಲೆಕ್ಟ್ರಿಷಿಯನ್ ಏಣಿ ಹತ್ತಿ, ಸಜ್ಜದ ಕೆಳಗಿದ್ದ ನಮ್ಮ ಕಳ್ಳರ ಅಲಾರಂನ ಹಳೆಯ ಸೈರನ್‌ನ ಮುಚ್ಚಳ ತೆಗೆಯುವ ಮೊದಲು ಜಾಗರೂಕತೆಯಿಂದ ಮೇನ್ ಸ್ವಿಚ್ ಆರಿಸಿದ್ದರು. ಇನ್ನು ಭಯವಿಲ್ಲ ಎಂದು ಕೆಂಪು ತಂತಿಯನ್ನು ಕತ್ತರಿಸಿದರು. ಅದು ತುಂಡಾದ ಕ್ಷಣದಲ್ಲೇ ಸೈರನ್ ಅವರ ಕಿವಿಯಿಂದ ಒಂದು ಅಡಿ ದೂರದಲ್ಲಿ ಕಿರುಚತೊಡಗಿತು. ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಇಕ್ಕಳ. ಕಿವಿ ಮುಚ್ಚಿಕೊಳ್ಳಲು ಮೂರನೆಯ ಕೈ ಇರಲಿಲ್ಲ. ಪುಣ್ಯಕ್ಕೆ ಸೈರನ್‌ನೊಳಗಿನ ಬ್ಯಾಟರಿಗೆ ವಯಸ್ಸಾಗಿತ್ತು. ಎರಡೇ ನಿಮಿಷದಲ್ಲಿ ದನಿ ಕುಗ್ಗಿ, ಗೊರಗುಟ್ಟಿ ನಿಂತಿತು.

“ಕರೆಂಟೇ ಇಲ್ಲದೆ ಹೇಗೆ ಕೂಗಿತು?” ಎಂದು ಅವರು ಕೇಳಿದರು. ಕರೆಂಟ್ ಇಲ್ಲದ್ದರಿಂದಲೇ ಕೂಗಿತು.

ಮನೆಯ ಹೊರಗೆ ಹಾಕುವ ಸೈರನ್‌ಗಳಲ್ಲಿ ಎರಡು ಜಾತಿಗಳಿವೆ. ಅಂಗಡಿಗಳಲ್ಲಿ ಹೂಟರ್ ಎಂದು ಮಾರುವ ಅಗ್ಗದ್ದು ಕಾಲಿಂಗ್ ಬೆಲ್‌ನ ದೊಡ್ಡಣ್ಣ: 12 ವೋಲ್ಟ್ ಕೊಟ್ಟರೆ ಕೂಗುತ್ತದೆ, ತೆಗೆದರೆ ನಿಲ್ಲುತ್ತದೆ. ಕಳ್ಳನಿಗೆ ಇದಕ್ಕಿಂತ ಅನುಕೂಲದ ವಸ್ತು ಇನ್ನೊಂದಿಲ್ಲ, ತಂತಿಯೊಂದನ್ನು ಕತ್ತರಿಸಿದರೆ ಮುಗಿಯಿತು. ಎರಡನೆಯ ಜಾತಿಯದರ ಹೊಟ್ಟೆಯಲ್ಲಿ ತನ್ನದೇ ಬ್ಯಾಟರಿ ಇರುತ್ತದೆ. ಮನೆಯೊಳಗಿನ ಪ್ಯಾನೆಲ್, ಎಂದರೆ ಅಲಾರಂನ ನಿಯಂತ್ರಣ ಪೆಟ್ಟಿಗೆ, ಅದಕ್ಕೆ ಹಗಲೂ ರಾತ್ರಿ ವೋಲ್ಟೇಜ್ ಕಳುಹಿಸುತ್ತಲೇ ಇರಬೇಕು. ಆ ವೋಲ್ಟೇಜ್ ಒಂದು ಕಡೆ ಬ್ಯಾಟರಿಯನ್ನು ತುಂಬಿಸುತ್ತದೆ, ಇನ್ನೊಂದು ಕಡೆ “ಸುಮ್ಮನಿರು, ಸುಮ್ಮನಿರು” ಎಂದು ಹೇಳುತ್ತಿರುತ್ತದೆ. ಹೇಳುವವರು ಇಲ್ಲವಾದರೆ ಅದು ಕೂಗುತ್ತದೆ. ನಮ್ಮದು ಈ ಜಾತಿಯದು. ಮೇನ್ ಆರಿಸಿದಾಗ ಪ್ಯಾನೆಲ್ ತನ್ನ ಬ್ಯಾಟರಿಯಿಂದ ಅದನ್ನು ಸಮಾಧಾನಪಡಿಸುತ್ತಲೇ ಇತ್ತು. ಕೆಂಪು ತಂತಿ ತುಂಡಾದಾಗ ಸಮಾಧಾನವೂ ತುಂಡಾಯಿತು.

ಈ ಉಪಾಯ ನಮಗೆ ಹೊಸದಲ್ಲ. ರೈಲಿನಲ್ಲಿ ಸರಪಳಿ ಎಳೆದಾಗ ಆಗುವುದೂ ಇದೇ. ಬ್ರೇಕ್ ಕೊಳವೆಯಲ್ಲಿರುವ ಗಾಳಿಯ ಒತ್ತಡ ಬ್ರೇಕ್ ಹಾಕುವುದಕ್ಕಲ್ಲ, ಬೀಳದಂತೆ ಹಿಡಿದಿಡುವುದಕ್ಕೆ. ಸರಪಳಿ ಎಳೆದರೆ ಆ ಗಾಳಿ ಹೊರಗೆ ಹೋಗುತ್ತದೆ, ಬ್ರೇಕ್ ಬೀಳುತ್ತದೆ. ಬೋಗಿಗಳು ಕಳಚಿ ಕೊಳವೆ ಹರಿದರೂ ಅಷ್ಟೇ, ಯಾರೂ ಏನೂ ಮಾಡದಿದ್ದರೂ ರೈಲು ನಿಲ್ಲುತ್ತದೆ.

ಮೊಬೈಲ್‌ಗೆ ಸಂದೇಶ ಕಳುಹಿಸುತ್ತದೆ ಎಂಬ ಆಸೆಗೆ ನಾವು ತಂದ ಹೊಸ ಪ್ಯಾನೆಲ್‌ಗೆ ಈ ಭಾಷೆ ಗೊತ್ತಿರಲಿಲ್ಲ. ಸೈರನ್‌ನ ತಂತಿ ಸಿಕ್ಕಿಸುವ ಅದರ ಕಿಂಡಿಯಲ್ಲಿ ಮಾಮೂಲು ದಿನಗಳಲ್ಲಿ ಸೊನ್ನೆ ವೋಲ್ಟ್, ಅಪಾಯ ಬಂದಾಗ 12. ಹಳೆಯ ಸೈರನ್‌ಗೆ ಬೇಕಾದದ್ದು ತದ್ವಿರುದ್ಧ. ನೇರವಾಗಿ ಜೋಡಿಸಿದ್ದರೆ ಕಳ್ಳ ಬರುವವರೆಗೂ ಕೂಗುತ್ತಿದ್ದು, ಅವನು ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಿತ್ತು! ಮಾರಿದವರು ಹಳೆಯದನ್ನು ಎಸೆದು ಹೊಸದು ಹಾಕಿಸಿಕೊಳ್ಳಿ ಎಂದರು. ಗಟ್ಟಿ ಕಬ್ಬಿಣದ ಡಬ್ಬಿ, ಗೋಡೆಯ ಗಾರೆಯೊಳಗೆ ಹುದುಗಿಸಿದ ಆರು ತಂತಿಯ ಕೇಬಲ್. ಎಸೆಯಲು ಮನಸ್ಸಾಗಲಿಲ್ಲ.

ಇಬ್ಬರ ನಡುವೆ ದುಭಾಷಿಯಾಗಿ ನಿಂತದ್ದು ಸಕ್ಕರೆ ಕ್ಯೂಬ್‌ನಷ್ಟು ದೊಡ್ಡ ರಿಲೇ, ವಿದ್ಯುತ್ತೇ ಒತ್ತುವ ಒಂದು ಸ್ವಿಚ್. ಅದರೊಳಗೆ ಒಂದು ಸುರುಳಿ, ಅದು ಎಳೆದಾಗ ಸ್ಥಾನ ಬದಲಿಸುವ ಒಂದು ನಾಲಿಗೆ. ಸುರುಳಿಯನ್ನು ಹೊಸ ಪ್ಯಾನೆಲ್‌ನ ಸೈರನ್ ಕಿಂಡಿಗೆ ಜೋಡಿಸಿದೆವು. ಸೈರನ್‌ನ ಕೆಂಪು, ಕಪ್ಪು ತಂತಿಗಳು ಪ್ಯಾನೆಲ್‌ನಲ್ಲಿ ಸದಾ ವಿದ್ಯುತ್ ಇರುವ ಪೂರೈಕೆಗೆ ಹೋದವು. ಸೈರನ್‌ಗೆ “ಸುಮ್ಮನಿರು” ಎಂದು ಹೇಳುವ ಆದೇಶದ ತಂತಿಗೆ ಮಾತ್ರ ವಿದ್ಯುತ್ ರಿಲೇಯ ಎನ್‌ಸಿ ತುದಿಯ ಮೂಲಕ, ಎಂದರೆ ಸುರುಳಿ ನಿದ್ರಿಸುವಾಗ ಮುಚ್ಚಿರುವ ಸಂಪರ್ಕದ ಮೂಲಕ, ಹರಿಯುತ್ತದೆ. ಅಪಾಯ ಬಂದಾಗ ಸುರುಳಿ ಎಳೆಯುತ್ತದೆ, ಸಂಪರ್ಕ ತೆರೆಯುತ್ತದೆ, ಆದೇಶದ ತಂತಿ ಬರಿದಾಗುತ್ತದೆ, ಸೈರನ್ ಕೂಗುತ್ತದೆ. ಕೇಬಲನ್ನೇ ಕತ್ತರಿಸಿದರೆ ಎಲ್ಲವೂ ಒಟ್ಟಿಗೆ ಬರಿದಾಗಿ ಆಗಲೂ ಕೂಗುತ್ತದೆ. ಎರಡು ತಂತಿ, ಯಾರಾದರೂ ಮುಚ್ಚಳ ತೆಗೆದರೆ ಪ್ಯಾನೆಲ್‌ಗೆ ತಿಳಿಸುವ ಟ್ಯಾಂಪರ್ ಸ್ವಿಚ್ಚಿಗೆ ಹೋದವು. ಆರನೆಯದಕ್ಕೆ ಕೆಲಸವಿರಲಿಲ್ಲ.

ಸುರುಳಿಗೆ ಅಡ್ಡಲಾಗಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದನ್ನು ಹಾಕಲೇಬೇಕು. ಹರಿಯುತ್ತಿದ್ದ ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಿದರೆ ಸುರುಳಿ ಒಪ್ಪುವುದಿಲ್ಲ; ಕುಸಿಯುವ ಕಾಂತಕ್ಷೇತ್ರ 12 ವೋಲ್ಟಿನ ಸುರುಳಿಯಿಂದಲೇ ಕ್ಷಣಕಾಲ ನೂರಾರು ವೋಲ್ಟ್ ಎಬ್ಬಿಸಬಲ್ಲದು. ಪ್ಯಾನೆಲ್‌ನ ಟ್ರಾನ್ಸಿಸ್ಟರ್ ಅದನ್ನು ತಾಳುವುದಿಲ್ಲ. 1ಎನ್4007 ಎಂಬ, ಚಿಲ್ಲರೆ ಕಾಸಿಗೆ ಸಿಗುವ ಡಯೋಡ್ ಆ ಒದೆತವನ್ನು ಸುರುಳಿಯೊಳಗೇ ಸುತ್ತಿಸಿ ಸುಸ್ತು ಮಾಡುತ್ತದೆ. ಬಿಳಿ ಗೆರೆಯ ತುದಿ ಪಾಸಿಟಿವ್ ಕಡೆಗಿರಬೇಕು. ಉಲ್ಟಾ ಹಾಕಿದರೆ ಮೊದಲ ಅಲಾರಂನಲ್ಲೇ ಕಿಂಡಿ ಶಾರ್ಟ್ ಆಗುತ್ತದೆ.

ಉಳಿದದ್ದು ದೂರದ ಲೆಕ್ಕ. ಪ್ಯಾನೆಲ್‌ನಿಂದ ಸೈರನ್‌ಗೆ 20 ಮೀಟರ್, ಹೋಗಿ ಬರಲು 40. ಅಲಾರಂ ಕೇಬಲ್‌ನ ಒಂದೊಂದು ತಂತಿಯ ದಪ್ಪ 0.22 ಚದರ ಮಿಲಿಮೀಟರ್. ಅಷ್ಟು ತಾಮ್ರಕ್ಕೆ ಸುಮಾರು 3 ಓಮ್ ರೋಧವಿರುತ್ತದೆ. ಅರ್ಧ ಆಂಪಿಯರ್ ಹರಿದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರುತ್ತದೆ. ಎಲೆಕ್ಟ್ರಿಷಿಯನ್‌ಗೆ ಇದರದೇ ಚಿಂತೆ. ಆದರೆ ವೋಲ್ಟೇಜ್ 12ರಿಂದ ಹತ್ತೂವರೆಗೆ ಇಳಿದಾಗ ಶಬ್ದ ಕುಗ್ಗುವುದು ಒಂದು ಡೆಸಿಬೆಲ್ ಚಿಲ್ಲರೆ ಮಾತ್ರ, ಕಿವಿಗೆ ಅದು ತಿಳಿಯುವುದೇ ಕಷ್ಟ. ನನಗಿದ್ದ ಚಿಂತೆ ಬ್ಯಾಟರಿಯದು. 12 ವೋಲ್ಟ್ ಎಂದು ಬರೆದಿರುವ ಸೀಸದ ಬ್ಯಾಟರಿ ತುಂಬಿಯೇ ಇರಬೇಕಾದರೆ ಅದಕ್ಕೆ 13.5ರಿಂದ 13.8 ವೋಲ್ಟ್ ಸಿಗುತ್ತಿರಬೇಕು. ಪ್ಯಾನೆಲ್ ಬರೀ 12 ಕೊಟ್ಟರೆ ಅದು ವರ್ಷವಿಡೀ ಅರೆಹೊಟ್ಟೆಯಲ್ಲಿದ್ದು, ಬೇಕಾದ ದಿನ ಕೈಕೊಡುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದೆವು: 13.7. ಹೊಸ ಬ್ಯಾಟರಿ ಹಾಕಿ, ಕೆಲಸವಿಲ್ಲದ ಆರನೆಯ ತಂತಿಯನ್ನು ಕಪ್ಪು ತಂತಿಗೆ ಜೊತೆ ಮಾಡಿದೆವು. ಎಲೆಕ್ಟ್ರಿಷಿಯನ್‌ಗೂ ಸಮಾಧಾನವಾಯಿತು.

ಒಂದು ವಿಷಯ ಮಾತ್ರ ತಂತಿ ಜೋಡಿಸಿ ಸರಿಪಡಿಸುವಂಥದ್ದಲ್ಲ. ಸೈರನ್‌ನೊಳಗೆ ಕೂಗುವುದು ಹಿತ್ತಾಳೆ ತಟ್ಟೆಗೆ ಅಂಟಿಸಿದ, ವೋಲ್ಟೇಜ್ ಕೊಟ್ಟರೆ ಅದುರುವ ಪೀಜೋ ಬಿಲ್ಲೆ, ಹೆಚ್ಚಾಗಿ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಮ್ಮ ಕಿವಿಯ ನಾಳ ಆ ಆಸುಪಾಸಿನಲ್ಲೇ ಅನುರಣಿಸುವುದರಿಂದ ಆ ದನಿ ಚೆನ್ನಾಗಿ ಚುಚ್ಚುತ್ತದೆ. ಆದರೆ ಎಲ್ಲಿಂದ ಬಂತು ಎಂದು ಕಿವಿ ತಡಕಾಡುವುದೂ ಅಲ್ಲೇ. ಕೆಳಗಿನ ಸ್ವರಗಳಲ್ಲಿ ಅಲೆ ಯಾವ ಕಿವಿಗೆ ಮೊದಲು ತಲುಪಿತೆಂದು ಮಿದುಳು ಗುರುತಿಸುತ್ತದೆ. ಮೇಲಿನ ಸ್ವರಗಳಲ್ಲಿ ತಲೆಯ ಮರೆಗೆ ಯಾವ ಕಿವಿಯಲ್ಲಿ ಶಬ್ದ ಕುಂದಿತೆಂದು ನೋಡುತ್ತದೆ. ನಡುವೆ ಎರಡೂ ಲೆಕ್ಕ ಸರಿಯಾಗಿ ಸಿಗುವುದಿಲ್ಲ. 1936ರಲ್ಲಿ ಸ್ಟೀವನ್ಸ್ ಮತ್ತು ನ್ಯೂಮನ್ ಎಂಬ ಮನೋವಿಜ್ಞಾನಿಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಕಟ್ಟಡವೊಂದರ ತಾರಸಿಯ ಮೇಲೆ ಎತ್ತರದ ಕುರ್ಚಿ ಹಾಕಿ, ಕುಳಿತವರ ಸುತ್ತ ಶಬ್ದ ಕೇಳಿಸಿ ದಿಕ್ಕು ಹೇಳಿಸಿದರು. ಅತಿ ಹೆಚ್ಚು ತಪ್ಪುಗಳು ಬಂದದ್ದು 3 ಕಿಲೋಹರ್ಟ್ಸ್ ಸುತ್ತಮುತ್ತ. ಸೈರನ್ ಡಬ್ಬಿಯ ಮೇಲೆ ಮಿನುಗುವ ದೀಪ ಇರುವುದು ಅಲಂಕಾರಕ್ಕಲ್ಲ.

ಸಂಜೆ ಐದು ಸೆಕೆಂಡು ಬಾರಿಸಿ ಪರೀಕ್ಷಿಸಿದೆವು. ಎದುರುಮನೆಯವರು ಗೇಟಿಗೆ ಬಂದು, ಮೊದಲು ನಮ್ಮ ಪಕ್ಕದ ಮನೆಯನ್ನು ದಿಟ್ಟಿಸಿ ನೋಡಿದರು. ದೀಪ ಇನ್ನೂ ಮಿನುಗುತ್ತಿತ್ತು. ಆಮೇಲೆ ನಮ್ಮ ಕಡೆ ತಿರುಗಿ, “ಮತ್ತೆ ನಿಮ್ಮದೇನಾ?” ಎಂದರು.