ಬಾಣಕ್ಕಿಂತ ಮುಂಚೆ ಮುಟ್ಟುವ ಸದ್ದು

ಚಿತ್ರದುರ್ಗದ ಕೋಟೆ ಆಳಿದವರು ಬೇಡ ನಾಯಕರು. ಬಿಲ್ಲು, ಬೇಟೆ ಅಂದರೆ ನಮ್ಮ ಸೀಮೆಯವರಿಗೆ ಇವತ್ತಿಗೂ ಕುತೂಹಲ. ಅಮೆರಿಕದ ಜಿಂಕೆ ಬೇಟೆಯ ವಿಡಿಯೊ ನೋಡಿದ ಹುಡುಗರು ‘ಕ್ರಾಸ್‌ಬೋ ಅಂದ್ರೆ ಒಂಥರಾ ಬಂದೂಕೇ ಅಲ್ವಾ?’ ಎಂದು ಕೇಳುತ್ತಾರೆ. ಕ್ರಾಸ್‌ಬೋ ಅಂದರೆ ಉದ್ದನೆಯ ಹಿಡಿಗೆ ಅಡ್ಡಲಾಗಿ ಕೂರಿಸಿದ ಬಿಲ್ಲು. ಬಂದೂಕಿನ ಹಾಗೆ ಹೆಗಲಿಗೆ ಒತ್ತಿ ಗುರಿಯಿಡುತ್ತಾರೆ, ನಿಜ. ಆದರೆ ಹೊರಗೆ ಬರುವುದು ಬಾಣವೇ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಜಿಂಕೆಯಂಥ ನಾಲ್ಕು ಕೊಂಬಿನ ಕೊಂಡುಕುರಿಗಳಿಗೆಂದೇ ಅಭಯಾರಣ್ಯವಿದೆ. ಅವು ಅಲ್ಲಿ ನೆಮ್ಮದಿಯಾಗಿರಲಿ ಎಂಬುದೇ ನನ್ನ ಆಸೆ. ಬೇಟೆಗೆ ಅನುಮತಿ ಇರುವ ಅಮೆರಿಕದ ಲೆಕ್ಕವನ್ನೇ ನೋಡೋಣ.

ಬಿಲ್ಲಿನಲ್ಲಿ ಕೂಡುವ ಶಕ್ತಿ ಎರಡು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಬಲ ಹಾಕಿ ಎಳೆದಿರಿ, ಎಷ್ಟು ದೂರ ಎಳೆದಿರಿ. ಬೇಟೆಯ ಸಾದಾ ಬಿಲ್ಲಿಗೆ ಸುಮಾರು 22 ಕಿಲೋ ಬಲ ಬೇಕು, ಹೆದೆ ಹಿಂದಕ್ಕೆ ಬರುವುದು ಅರ್ಧ ಮೀಟರು. ಕ್ರಾಸ್‌ಬೋಗೆ 68 ಕಿಲೋ ಬಲ ಬೇಕಾದರೂ ಹೆದೆ ಸರಿಯುವುದು ಮೀಟರಿನ ಮೂರನೇ ಒಂದು ಭಾಗ. ಅಂದರೆ ಬಲ ಮೂರು ಪಟ್ಟು, ಶಕ್ತಿ ಎರಡೇ ಪಟ್ಟು. ಯುರೋಪಿನ ಹಳೆಯ ಉಕ್ಕಿನ ಕ್ರಾಸ್‌ಬೋಗಳ ಕಥೆ ಇನ್ನೂ ವಿಚಿತ್ರ. ಕೆಲವಕ್ಕೆ ರಾಟೆ ತಿರುಗಿಸಿ 500 ಕಿಲೋವರೆಗೆ ಬಲ ಹಾಕಬೇಕಿತ್ತು. ಹೆದೆ ಮಾತ್ರ ಒಂದು ಗೇಣೂ ಸರಿಯುತ್ತಿರಲಿಲ್ಲ. ಭಾರವಾದ ಉಕ್ಕಿನ ತೋಳುಗಳನ್ನು ಓಡಿಸುವುದಕ್ಕೇ ಅರ್ಧ ಶಕ್ತಿ ಖರ್ಚು! ಈಗಿನವು ಹಗುರವಾದ ಫೈಬರ್ ತೋಳು, ತುದಿಯಲ್ಲಿ ಚಕ್ರ ಇರುವಂಥವು. ಇವುಗಳ ಬಾಣ ಸೆಕೆಂಡಿಗೆ ಸುಮಾರು 105 ಮೀಟರು ಹೋಗುತ್ತದೆ. ಸಾದಾ ಬಿಲ್ಲಿನದು 55ರ ಆಸುಪಾಸು.

ಹಾಗಾದರೆ ದೂರದ ಜಿಂಕೆಗೂ ಹೊಡೆಯಬಹುದಲ್ಲ? ಇಲ್ಲ. ಹೆದೆ ಬಿಟ್ಟ ಸದ್ದು ಸೆಕೆಂಡಿಗೆ 340 ಮೀಟರು ಓಡುತ್ತದೆ. 30 ಮೀಟರಿನಲ್ಲಿ ನಿಂತ ಜಿಂಕೆಯ ಕಿವಿಗೆ ಅದು 0.09 ಸೆಕೆಂಡಿನಲ್ಲಿ ಮುಟ್ಟುತ್ತದೆ. ಕ್ರಾಸ್‌ಬೋ ಬಾಣಕ್ಕೆ 0.29 ಸೆಕೆಂಡು ಬೇಕು. ನಡುವೆ ಸಿಗುವ 0.2 ಸೆಕೆಂಡಿನಲ್ಲಿ ಬೆದರಿದ ಜಿಂಕೆ ನೆಗೆಯುವುದಕ್ಕೆ ಕಾಲು ಮಡಚಿ ಮೈಯನ್ನು ಕೆಳಗಿಳಿಸುತ್ತದೆ. ಬಾಣ ಬೆನ್ನ ಮೇಲಿಂದ ಹಾದುಹೋಗಬಹುದು. ಇಲ್ಲವೇ ತಪ್ಪು ಜಾಗಕ್ಕೆ ನಾಟಬಹುದು, ಅದು ಇನ್ನೂ ಕೆಟ್ಟದ್ದು. ಕ್ರಾಸ್‌ಬೋ ಸದ್ದೂ ಜಾಸ್ತಿ. ಸಾದಾ ಬಿಲ್ಲಿನ ಬಾಣಕ್ಕೆ ಅಷ್ಟೇ ದೂರಕ್ಕೆ 0.55 ಸೆಕೆಂಡು ಬೇಕು, ಅಷ್ಟರಲ್ಲಿ ನೆಲದ ಸೆಳೆತ ಅದನ್ನು ಒಂದೂವರೆ ಮೀಟರು ಕೆಳಗೆ ಎಳೆದಿರುತ್ತದೆ. ಕ್ರಾಸ್‌ಬೋ ಬಾಣ ಇಳಿಯುವುದು 40 ಸೆಂಟಿಮೀಟರು. ಸಾದಾ ಬಿಲ್ಲಿನವರು 20 ಮೀಟರಿನೊಳಗೆ ಬರುವ ತನಕ ಕಾಯುವುದು ಇದಕ್ಕೇ.

ಬಾಣ ಕೊಲ್ಲುವುದು ಗುಂಡಿನ ಹಾಗೆ ಅಪ್ಪಳಿಸಿ ಅಲ್ಲ. ಹರಿತವಾದ ಅಲಗು ರಕ್ತನಾಳ ಕತ್ತರಿಸುತ್ತದೆ. ಸಾದಾ ಬಿಲ್ಲಿನ 50 ಜೂಲ್ ಶಕ್ತಿ ಜಿಂಕೆಗೆ ಸಾಕು. ಕ್ರಾಸ್‌ಬೋದ ಹೆಚ್ಚಿನ ಶಕ್ತಿ ಬಹುಪಾಲು ಬಾಣದ ಜೊತೆಗೇ ಮೈಯಿಂದಾಚೆ ಹೋಗಿಬಿಡುತ್ತದೆ.

ಹಾಗಾಗಿ ಕ್ರಾಸ್‌ಬೋದ ನಿಜವಾದ ಲಾಭ ಅದರ ಕುದುರೆಯಲ್ಲಿದೆ, ಅಂದರೆ ಟ್ರಿಗರ್‌ನಲ್ಲಿ. ಎಳೆದ ಹೆದೆಯನ್ನು ಕೊಕ್ಕೆ ಹಿಡಿದಿರುತ್ತದೆ, ಮನುಷ್ಯನ ತೋಳಲ್ಲ. ಸಾದಾ ಬಿಲ್ಲಿನವನು 22 ಕಿಲೋ ಬಲವನ್ನು ಮೂರು ಬೆರಳಿನಲ್ಲಿ ತಡೆದು, ಜಿಂಕೆಯ ಕಣ್ಣೆದುರೇ ಹೆದೆ ಎಳೆಯಬೇಕು, ನಡುಗದೆ ಬಿಡಬೇಕು. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಕ್ರಾಸ್‌ಬೋ ಕೆಲವೇ ದಿನಗಳಲ್ಲಿ ಕೈಗೆ ಕೂಡುತ್ತದೆ. ನನ್ನ ಗೌರವ ಸಾದಾ ಬಿಲ್ಲಿನ ಕಡೆಗೇ. ಆದರೆ ಭುಜ ಸೋತ ಮುದುಕರಿಗೆ, ಅಂಗವಿಕಲರಿಗೆ ಅಮೆರಿಕದ ಕೆಲವು ರಾಜ್ಯಗಳು ಮೊದಲು ಕ್ರಾಸ್‌ಬೋ ಅನುಮತಿ ಕೊಟ್ಟದ್ದು ಸರಿಯಾಗಿಯೇ ಇತ್ತು. ಒಂದು ಮಾತ್ರ ನೆನಪಿಡಬೇಕು: ಬಾಣ ಇಲ್ಲದೆ ಸುಮ್ನೆ ಕುದುರೆ ಎಳೆದರೆ ಅಷ್ಟೂ ಶಕ್ತಿ ಬಿಲ್ಲಿಗೇ ತಿರುಗಿ ತೋಳು ಸೀಳಿಹೋಗಬಹುದು. ಸಾದಾ ಬಿಲ್ಲಿಗೂ ಇದೇ ಮಾತು.