ಟ್ಯಾಬಿನ ಮೇಲೆ ಕ್ಲಿಕ್: ಒತ್ತಿದಾಗಲೋ, ಬಿಟ್ಟಾಗಲೋ?

ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ತೂಕದ ಚೀಟಿ ಬರೆಯುವ ಸಣ್ಣ ತಂತ್ರಾಂಶವೊಂದನ್ನು ನಾವು ಮೂವರು ಸಹಪಾಠಿಗಳು ಪ್ರಾಜೆಕ್ಟ್ ಕೆಲಸವಾಗಿ ಮಾಡಿದೆವು. ಭತ್ತದ ಲಾರಿ ಬಂದೊಡನೆ ತುಂಬಿದ ತೂಕ ಹಿಡಿಯುತ್ತಾರೆ, ಚೀಲ ಇಳಿಸಿದ ಮೇಲೆ ಖಾಲಿ ತೂಕ. ಎರಡರ ನಡುವೆ ಹಮಾಲರ ಕೈಗೆ ಬಿಟ್ಟಷ್ಟು ಹೊತ್ತು. ಸುಗ್ಗಿಯಲ್ಲಿ ಐದಾರು ಲಾರಿಗಳ ಲೆಕ್ಕ ಒಟ್ಟಿಗೆ ಅರ್ಧಕ್ಕೆ ನಿಂತಿರುತ್ತದೆ. ಹಾಗಾಗಿ ಲಾರಿಗೊಂದು ಟ್ಯಾಬ್, ಎಂದರೆ ಪರದೆಯ ಮೇಲ್ಭಾಗದಲ್ಲಿ ಹೆಸರು ಕಾಣುವ ಒಂದು ಪುಟ, ಕೊಟ್ಟೆವು. ಟ್ಯಾಬಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಮುಚ್ಚಿಕೊಳ್ಳಬೇಕು ಎಂದು ನಾನೇ ಬರೆದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಬರಹದ ತಂತ್ರಾಂಶದಲ್ಲಿ ಅಂಥದೊಂದು ಆಯ್ಕೆ ಇರುವುದನ್ನು ಕಂಡಿದ್ದೆ, ಜಾಣತನ ಅನಿಸಿತ್ತು.

ಮೂರನೆಯ ದಿನ ಗುಮಾಸ್ತರು ಫೋನ್ ಮಾಡಿದರು. "ತಮ್ಮಾ, ಲಾರಿ ಗೇಟಿನಲ್ಲೇ ನಿಂತಿದೆ, ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ."

ನೀವು ಎರಡು ಸಲ ಒತ್ತಿರಬೇಕು ಕಾಕಾ ಎಂದೆ. ಒಂದೇ ಸಲ ಒತ್ತಿದ್ದು ಎಂದು ಅವರು ಆಣೆ ಇಟ್ಟರು. ಅವರ ಮಾತು ನಿಜವಾಗಿತ್ತು. ಮೌಸಿನ ಪ್ರತಿ ಗುಂಡಿಯ ಕೆಳಗೂ ಒಂದು ಪುಟ್ಟ ಸ್ವಿಚ್, ಅದರೊಳಗೆ ತೆಳುವಾದ ಲೋಹದ ಪಟ್ಟಿ ಇರುತ್ತದೆ. ಪಟ್ಟಿ ಸವೆದಾಗ ಒಂದು ಒತ್ತಿಗೆ ಸಂಪರ್ಕ ಎರಡು ಸಲ ಕೂಡಿ ಬಿಡುತ್ತದೆ. ವಿಂಡೋಸ್‌ನಲ್ಲಿ ನಾವಾಗಿ ಬದಲಿಸದಿದ್ದರೆ 500 ಮಿಲಿಸೆಕೆಂಡಿನೊಳಗೆ ಅದೇ ಜಾಗದಲ್ಲಿ ಬಿದ್ದ ಎರಡು ಒತ್ತುಗಳನ್ನು ಡಬಲ್ ಕ್ಲಿಕ್ ಎಂದು ಲೆಕ್ಕ ಹಾಕುತ್ತದೆ. ವರ್ಷಗಟ್ಟಲೆ ಚೀಟಿ ಬರೆದು ಸವೆದ, ತೌಡಿನ ಧೂಳು ಕುಡಿದ ಮೌಸದು. ಹೊಸ ಮೌಸ್ ಕೊಳ್ಳಿ ಎನ್ನಬಹುದಿತ್ತು. ಆದರೆ ತಪ್ಪು ಮೌಸಿನದಲ್ಲ, ನನ್ನದು. ಈ ಟಿಪ್ಪಣಿ ಹುಟ್ಟಿದ್ದು ಅಲ್ಲಿಂದ.

ಕ್ಲಿಕ್ ಎನ್ನುವುದು ಒಂದೇ ಘಟನೆಯಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಿ. ಒತ್ತುವುದು ಒಂದು, ಬಿಡುವುದು ಇನ್ನೊಂದು. ಸಾಮಾನ್ಯ ಬಟನ್ ಕೆಲಸ ಮಾಡುವುದು ಬೆರಳು ಬಿಟ್ಟಾಗ, ಅದೂ ಮೌಸಿನ ಬಾಣ ಇನ್ನೂ ಬಟನ್ನಿನ ಮೇಲೆಯೇ ಇದ್ದರೆ. "ಅಳಿಸು" ಎಂಬುದರ ಮೇಲೆ ಒತ್ತಿದ ಮೇಲೆ ಎದೆ ಧಸಕ್ಕೆಂದರೆ ಬೆರಳು ಬಿಡದೆ ಬಾಣವನ್ನು ಪಕ್ಕಕ್ಕೆ ಸರಿಸಿ ಪಾರಾಗಬಹುದು. ಟ್ಯಾಬ್ ಹಾಗಲ್ಲ. ಬಟನ್, ಟ್ಯಾಬುಗಳನ್ನು ಕಟ್ಟಲು ಬಳಸುವ ಸಿದ್ಧ ಚೌಕಟ್ಟುಗಳಾದ ಜಾವಾದ ಸ್ವಿಂಗ್, ಪೈಥಾನಿನ ಟಿಕಿಂಟರ್ ಎರಡರಲ್ಲೂ ಟ್ಯಾಬ್ ಬದಲಾಗುವುದು ಒತ್ತಿದ ಕ್ಷಣದಲ್ಲಿಯೇ. ಕ್ರೋಮ್ ಕೂಡ ಹಾಗೆಯೇ ಮಾಡುತ್ತದೆ. ಕ್ಯೂಟ್ ಎಂಬ ಇನ್ನೊಂದು ಚೌಕಟ್ಟಿನಲ್ಲಿ ಒತ್ತಿದಾಗ ಆಯ್ಕೆಯಾಗಬೇಕೋ ಬಿಟ್ಟಾಗಲೋ ಎಂಬುದನ್ನು ಪರದೆಯ ನೋಟಕ್ಕೆ ಆರಿಸಿಕೊಂಡ ಶೈಲಿಯೇ ತೀರ್ಮಾನಿಸಬಹುದು.

ಈ ಭೇದ ಯಾಕೆ? ಟ್ಯಾಬ್ ಬದಲಿಸಿದರೆ ಏನೂ ಹಾಳಾಗುವುದಿಲ್ಲ, ಹಳೆಯ ಟ್ಯಾಬಿನ ಮೇಲೆ ಒತ್ತಿದರೆ ಮರಳಿ ಬಂದಿರಿ. ಹಿಂದೆ ಸರಿಯುವ ಅವಕಾಶವನ್ನು ಬೇರೆಯಾಗಿ ಕೊಡಬೇಕಾಗಿಲ್ಲವಾದ್ದರಿಂದ ವೇಗವನ್ನೇ ಕೊಡಬಹುದು. ಎಳೆದು ಜಾಗ ಬದಲಿಸುವವರಿಗೂ ಇದೇ ಅನುಕೂಲ, ಒತ್ತಿದಾಗಲೇ ಯಾವ ಟ್ಯಾಬ್ ಕೈಗೆ ಸಿಕ್ಕಿತು ಎಂಬುದು ಕಾಣುತ್ತದೆ. ಅದೇ ಟ್ಯಾಬಿನ ಅಂಚಿನಲ್ಲಿರುವ ಗುಣಿಸು ಚಿಹ್ನೆ ಮಾತ್ರ ಬಿಟ್ಟಾಗಲೇ ಕೆಲಸ ಮಾಡಬೇಕು, ಏಕೆಂದರೆ ಅದು ಮುಚ್ಚುತ್ತದೆ. ಒಂದೇ ಟ್ಯಾಬಿನೊಳಗೆ ಎರಡು ನಿಯಮ ಇರುವುದು ಅಡ್ಡಾದಿಡ್ಡಿಯಾಗಿ ಕಂಡರೂ ನನಗೆ ಅದೇ ಸರಿ.

ಒತ್ತಿದಾಗ ಬದಲಿಸುವುದರಲ್ಲಿ ಒಂದು ಹೊಂಡವಿದೆ, ನಾವು ಬಿದ್ದೆವು. ತೂಕದ ಖಾನೆ ಖಾಲಿ ಬಿಟ್ಟು ಬೇರೆ ಟ್ಯಾಬಿಗೆ ಹೋದರೆ "ತೂಕ ತುಂಬಿಲ್ಲ" ಎಂಬ ಸಂದೇಶ ಪೆಟ್ಟಿಗೆ ಬರುವಂತೆ ಮಾಡಿದ್ದೆವು. ಗುಮಾಸ್ತರು ಟ್ಯಾಬ್ ಒತ್ತಿದರು, ಬೆರಳು ಎತ್ತುವ ಮೊದಲೇ ಪೆಟ್ಟಿಗೆ ಎದ್ದು ನಿಂತಿತು. ಬೆರಳು ಬಿಟ್ಟ ಸುದ್ದಿ ಟ್ಯಾಬಿಗೆ ತಲುಪಲೇ ಇಲ್ಲ. ಗುಂಡಿ ಇನ್ನೂ ಒತ್ತಿಯೇ ಇದೆ ಎಂದು ಟ್ಯಾಬ್ ನಂಬಿಕೊಂಡಿತು. ಪೆಟ್ಟಿಗೆ ಮುಚ್ಚಿ ಬಾಣ ಸರಿಸಿದರೆ ಟ್ಯಾಬ್ ಅಂಟಿದ ಬೆಲ್ಲದಂತೆ ಹಿಂದೆಯೇ ಬರುತ್ತಿತ್ತು. ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ಗೊತ್ತಾದದ್ದು ಇಷ್ಟೇ: ಒತ್ತಿದ ಘಟನೆಯೊಳಗೆ ಪೆಟ್ಟಿಗೆ ತೆರೆಯಬಾರದು. ಈಗ ಟ್ಯಾಬ್ ಸುಮ್ಮನೆ ಬದಲಾಗುತ್ತದೆ, ಬಿಟ್ಟುಬಂದ ಟ್ಯಾಬಿನ ಮೇಲೆ ಕೆಂಪು ಚುಕ್ಕೆ ಕಾಣಿಸುತ್ತದೆ.

ಎಳೆಯುವುದಕ್ಕೂ ಕ್ಲಿಕ್ಕಿಗೂ ಗಡಿ ಯಾವುದು? ಬಾಣ ಎಷ್ಟು ಸರಿದರೆ ಎಳೆತ ಎನ್ನಬೇಕು ಎಂಬುದಕ್ಕೆ ವಿಂಡೋಸಿನ ಮೂಲ ಅಳತೆ 4 ಪಿಕ್ಸೆಲ್, ಕ್ಯೂಟ್‌ನದು 10. ಅವಸರದ ಕೈಗೆ 10 ವಾಸಿ.

ಇನ್ನು ಡಬಲ್ ಕ್ಲಿಕ್. ಡಬಲ್ ಕ್ಲಿಕ್ ಬರುವ ಮೊದಲು ಒಂದು ಪೂರ್ತಿ ಸಿಂಗಲ್ ಕ್ಲಿಕ್ ಆಗಿಯೇ ತೀರಿರುತ್ತದೆ. ವಿಂಡೋಸ್ ಕಳುಹಿಸುವ ಸರಣಿ ಹೀಗಿದೆ: ಒತ್ತು, ಬಿಡು, ಡಬಲ್, ಬಿಡು. ಎರಡನೆಯ ಒತ್ತಿನ ಜಾಗದಲ್ಲಿಯೇ ಡಬಲ್ ಎಂಬ ಸುದ್ದಿ ಬರುತ್ತದೆ. ಮೊದಲನೆಯದನ್ನು ತಡೆಹಿಡಿದು ಎರಡನೆಯದಕ್ಕೆ ಕಾಯುತ್ತೇನೆಂದರೆ ಪ್ರತಿ ಟ್ಯಾಬ್ ಬದಲಾವಣೆಗೂ ಅರ್ಧ ಸೆಕೆಂಡ್ ಕಾಯಬೇಕು, ಅದನ್ನು ಯಾರೂ ಸಹಿಸುವುದಿಲ್ಲ. ಆದ್ದರಿಂದ ಎರಡನೆಯ ಕ್ಲಿಕ್ ಮೊದಲನೆಯದರ ಮುಂದುವರಿಕೆಯಾಗಿರಬೇಕು. ಎಕ್ಸೆಲ್‌ನಲ್ಲಿ ಶೀಟ್ ಟ್ಯಾಬಿನ ಮೇಲೆ ಮೊದಲ ಕ್ಲಿಕ್ ಶೀಟನ್ನು ಮುಂದೆ ತರುತ್ತದೆ, ಎರಡನೆಯದು ಅದರ ಹೆಸರು ಬದಲಿಸಲು ಬಿಡುತ್ತದೆ. ಸೊಗಸಾದ ಜೋಡಿ. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನಲ್ಲಿ ಕಡತದ ಪಟ್ಟಿಯಲ್ಲಿ ಒಮ್ಮೆ ಕ್ಲಿಕ್ಕಿಸಿದರೆ ಓರೆ ಅಕ್ಷರದ ಹೆಸರಿನೊಂದಿಗೆ ತಾತ್ಕಾಲಿಕ ಟ್ಯಾಬ್ ತೆರೆಯುತ್ತದೆ, ಆ ಟ್ಯಾಬಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಕಾಯಂ. ಇದೂ ಚೆನ್ನ. ವರ್ಡ್‌ನಲ್ಲಿ ರಿಬ್ಬನ್ ಟ್ಯಾಬಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಟ್ಯಾಬುಗಳ ಹೆಸರಷ್ಟೇ ಉಳಿದು ರಿಬ್ಬನ್, ಎಂದರೆ ಮೇಲಿನ ಗುಂಡಿಗಳ ಪಟ್ಟಿ, ಮಡಚಿಕೊಳ್ಳುತ್ತದೆ. "ಮೇಲಿನದೆಲ್ಲ ಹೋಯಿತು" ಎಂದು ಗಾಬರಿಯಾದವರನ್ನು ಕೂರಿಸಿಕೊಂಡು ಕಂಟ್ರೋಲ್ ಜೊತೆ ಎಫ್1 ಒತ್ತಿಸಿದ ಅನುಭವ ನಿಮಗೂ ಇರಬಹುದು. ಮುಚ್ಚುವುದು ಮಾತ್ರ ಮೊದಲ ಕ್ಲಿಕ್ಕಿಗೆ ನೇರ ವಿರೋಧ. ಒಂದು ಬೆರಳು ತಂದು ಕೊಡುತ್ತದೆ, ಅದೇ ಬೆರಳು ಕಿತ್ತುಕೊಳ್ಳುತ್ತದೆ.

ರೈಟ್ ಕ್ಲಿಕ್ಕಿನಲ್ಲಿ ಮೆನು ಬರಬೇಕು ಎಂಬುದರಲ್ಲಿ ಜಗಳವಿಲ್ಲ. ಆ ಟ್ಯಾಬ್ ಮುಂದೆಯೂ ಬರಬೇಕೇ? ಎಕ್ಸೆಲ್ ಶೀಟನ್ನು ಮುಂದೆ ತಂದೇ ಮೆನು ತೋರಿಸುತ್ತದೆ. ಕ್ರೋಮ್ ನೀವಿದ್ದ ಪುಟವನ್ನು ಕದಲಿಸದೆ ನೀವು ಒತ್ತಿದ ಟ್ಯಾಬಿನ ಮೆನು ತೆರೆಯುತ್ತದೆ. ಓದುತ್ತಿರುವವರಿಗೆ ಕ್ರೋಮಿನ ನಡೆ ಹಿತ. ಲಾರಿಯ ಲೆಕ್ಕದಲ್ಲಿ ನಾನು ಎಕ್ಸೆಲ್ ಪಕ್ಷ, ಯಾವ ಲಾರಿಯ ಮೇಲೆ ಕೈ ಇಡುತ್ತಿದ್ದೇನೆ ಎಂಬುದು ಕಣ್ಣೆದುರು ಇರಲಿ.

ಚಕ್ರವನ್ನು ಒತ್ತಿದರೆ ಬ್ರೌಸರುಗಳಲ್ಲಿ ಟ್ಯಾಬ್ ಮುಚ್ಚುತ್ತದೆ. ಲಿನಕ್ಸ್‌ನಲ್ಲಿ ಅದೇ ಗುಂಡಿಗೆ ಆಯ್ದ ಪಠ್ಯವನ್ನು ಅಂಟಿಸುವ ಹಳೆಯ ಕೆಲಸವೂ ಇದೆ. ನಾವು ಅದಕ್ಕೆ ಯಾವ ಕೆಲಸವನ್ನೂ ಕೊಡಲಿಲ್ಲ.

ಕಂಟ್ರೋಲ್ ಒತ್ತಿ ಕ್ಲಿಕ್ಕಿಸುವುದರ ಬಗ್ಗೆ ಒಂದು ಎಚ್ಚರಿಕೆ. ಎಕ್ಸೆಲ್‌ನಲ್ಲಿ ಹಾಗೆ ಮಾಡಿದರೆ ಶೀಟುಗಳು ಗುಂಪಾಗುತ್ತವೆ, ಒಂದರಲ್ಲಿ ಬರೆದದ್ದು ಎಲ್ಲದರಲ್ಲೂ ಅದೇ ಕೋಶದಲ್ಲಿ ಬೀಳುತ್ತದೆ. ಬಲ್ಲವರಿಗೆ ವರ. ಶೀರ್ಷಿಕೆ ಪಟ್ಟಿಯಲ್ಲಿ ಬರುವ ಗುಂಪು ಎಂಬ ಪುಟ್ಟ ಸೂಚನೆಯನ್ನು ಗಮನಿಸದವರ ತಿಂಗಳ ಲೆಕ್ಕ ಮಾತ್ರ ಅಧೋಗತಿ. ಅಷ್ಟು ದೊಡ್ಡ ಪರಿಣಾಮಕ್ಕೆ ಅಷ್ಟು ಸಣ್ಣ ಸೂಚನೆ ಅನ್ಯಾಯ.

ಮುಚ್ಚುವುದಕ್ಕೆ ಮರಳಿ ಬರೋಣ. ಕ್ರೋಮ್‌ನಲ್ಲಿ ಮೌಸಿನಿಂದ ಒಂದು ಟ್ಯಾಬ್ ಮುಚ್ಚಿದರೆ ಉಳಿದವು ತಕ್ಷಣ ಅಗಲವಾಗುವುದಿಲ್ಲ. ಬಾಣ ಟ್ಯಾಬುಗಳ ಸಾಲಿನಿಂದ ಹೊರಗೆ ಹೋಗುವವರೆಗೆ ಅಳತೆ ಹಾಗೆಯೇ ಇರುತ್ತದೆ, ಮುಂದಿನ ಟ್ಯಾಬಿನ ಗುಣಿಸು ಚಿಹ್ನೆ ಸರಿಯಾಗಿ ಬಾಣದ ಕೆಳಗೆ ಬಂದು ನಿಲ್ಲುತ್ತದೆ. ಕೈ ಕದಲಿಸದೆ ಹತ್ತು ಟ್ಯಾಬ್ ಮುಚ್ಚಬಹುದು. ನಾನು ಮೆಚ್ಚಿದ ಕುಸುರಿ ಇದು. ಆದರೆ ಸವೆದ ಮೌಸಿನ ಕೈಗೆ ಕೊಟ್ಟರೆ ಇದೇ ಕುಸುರಿ ಒಂದು ಲಾರಿಯ ಬದಲು ಎರಡನ್ನು ನುಂಗುತ್ತದೆ. ನಾವು ತದ್ವಿರುದ್ಧ ಮಾಡಿದೆವು. ಒಂದು ಟ್ಯಾಬ್ ಮುಚ್ಚಿದ ಅರ್ಧ ಸೆಕೆಂಡ್ ಇನ್ನೊಂದು ಮುಚ್ಚುವುದಿಲ್ಲ. ಖಾಲಿ ತೂಕ ಹಿಡಿಯದ ಲಾರಿಯನ್ನು ಮುಚ್ಚಿದರೆ ಅಳಿಯುವುದಿಲ್ಲ, "ಬಾಕಿ" ಪಟ್ಟಿಗೆ ಹೋಗಿ ಕೂರುತ್ತದೆ. ಬ್ರೌಸರಿನಲ್ಲಿ ಮುಚ್ಚಿದ ಟ್ಯಾಬನ್ನು ಕಂಟ್ರೋಲ್, ಶಿಫ್ಟ್, ಟಿ ಒತ್ತಿ ತರುವ ಹಾಗೆ ಇಲ್ಲಿ ಪಟ್ಟಿಯ ಮೇಲೊಂದು ಕ್ಲಿಕ್ ಸಾಕು. ಡಬಲ್ ಕ್ಲಿಕ್ಕಿಗೆ ಈಗ ಕೆಲಸವೇ ಇಲ್ಲ.

ಇಷ್ಟೆಲ್ಲ ತಿದ್ದಿ ಗಿರಣಿಗೆ ಒಯ್ದಾಗ ಗುಮಾಸ್ತರು ನಾಲ್ಕು ಟ್ಯಾಬ್ ತೆರೆದು ನೋಡಿದರು. ಟ್ಯಾಬ್ ಕಿರಿದಾದಂತೆ ಹೆಸರಿನ ಬಾಲ ಕತ್ತರಿಸಿ ಹೋಗುತ್ತಿತ್ತು. ಕೊಪ್ಪಳ ಜಿಲ್ಲೆಯ ಗಾಡಿಗಳಾದ್ದರಿಂದ ನಾಲ್ಕರಲ್ಲೂ ಕಂಡದ್ದು "ಕೆಎ 37" ಮಾತ್ರ. "ಯಾವುದನ್ನು ಒತ್ತಲಿ ಹೇಳು ತಮ್ಮಾ" ಎಂದರು. ಈಗ ಟ್ಯಾಬಿನ ಮೇಲೆ ಕೊನೆಯ ನಾಲ್ಕು ಅಂಕಿಗಳಷ್ಟೇ ಬರುತ್ತವೆ, ದಪ್ಪ ಅಕ್ಷರದಲ್ಲಿ.