ಆಂಜಿಯೋಗ್ರಾಮ್ ಆಗಿದೆಯಲ್ಲ, ಮತ್ತೆ ರಕ್ತನಾಳದ ಚಿತ್ರ ಏಕೆ?

ಪ್ರಶ್ನೆ: ನಮ್ಮ ಮಾವನವರಿಗೆ ಮೈಸೂರಿನಲ್ಲಿ ಆಂಜಿಯೋಗ್ರಾಮ್ ಮಾಡಿ ಬ್ಲಾಕ್ ಇಲ್ಲ ಎಂದಿದ್ದಾರೆ. ಈಗ ಮೂರು ತಂತಿಯ ಪೇಸ್‌ಮೇಕರ್ ಅಳವಡಿಸುವ ಮೊದಲು ಹೃದಯದ ರಕ್ತನಾಳಗಳ ಸಿ.ಟಿ. ಬೇಕಂತೆ. ನೋಡಿದ್ದನ್ನೇ ಮತ್ತೆ ನೋಡುವುದೇಕೆ? (ವಿರಾಜಪೇಟೆಯ ಓದುಗರು)

ಉತ್ತರ: ಮಡಿಕೇರಿಯಿಂದಲೂ ಸೋಮವಾರಪೇಟೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಆಗ ನೋಡಿದ್ದು ರಕ್ತ ತರುವ ಅಪಧಮನಿಗಳನ್ನು, ಈಗ ನೋಡಬೇಕಾಗಿರುವುದು ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳನ್ನು.

ಆಂಜಿಯೋಗ್ರಾಮ್ ಆದರೆ ಹೃದಯದ ನಾಳಗಳೆಲ್ಲವನ್ನೂ ನೋಡಿದಂತೆ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಆ ಪರೀಕ್ಷೆಯಲ್ಲಿ ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಒಳಹೋದ ಸಪೂರ ಕೊಳವೆಯು ಮಹಾಪಧಮನಿಯ ಬುಡವನ್ನು ತಲುಪಿ, ಹೃದಯದ ಸ್ನಾಯುವಿಗೆ ರಕ್ತವನ್ನು ತರುವ ನಾಳಗಳಿಗೆ ಮಾತ್ರ ಡೈ ಬಿಡುತ್ತದೆ. ಸ್ನಾಯು ಬಳಸಿ ಬಿಟ್ಟ ರಕ್ತದ ಬಹುಪಾಲನ್ನು ಒಟ್ಟುಗೂಡಿಸಿ ಬಲ ಹೃತ್ಕರ್ಣಕ್ಕೆ ಸುರಿಯುವ ಕೊರೊನರಿ ಸೈನಸ್ ಮತ್ತು ಅದರ ಕವಲುಗಳು ಬೇರೆಯೇ ಜಾಲ. ತೋಟಕ್ಕೆ ನೀರು ತರುವ ಸ್ಪ್ರಿಂಕ್ಲರ್ ಪೈಪನ್ನು ಪರೀಕ್ಷಿಸಿ, ಮಳೆನೀರು ಹೊರಹೋಗುವ ಚರಂಡಿಯೂ ಸರಿಯಿದೆ ಎಂದು ಯಾವ ಬೆಳೆಗಾರರೂ ಹೇಳುವುದಿಲ್ಲ. ‘ಡೈ ಕೊನೆಗೆ ಅಲ್ಲಿಗೂ ಹೋಗುತ್ತದಲ್ಲ’ ಎಂದು ವಾದಿಸುವ ಜಾಣರೂ ಇದ್ದಾರೆ. ಹೋಗುತ್ತದೆ, ನಿಜ, ಆದರೆ ಕೆಲವು ಸೆಕೆಂಡುಗಳ ನಂತರ, ತೆಳುವಾಗಿ, ಬಹಳಷ್ಟು ಸಲ ಚಿತ್ರೀಕರಣ ನಿಂತ ಮೇಲೆ. ಅಲ್ಲದೆ, ಈಗ ಹುಡುಕುತ್ತಿರುವುದು ಬ್ಲಾಕನ್ನೇ ಅಲ್ಲ, ತಂತಿ ಹೋಗುವ ದಾರಿಯನ್ನು.

ಎಡ ಹೃತ್ಕುಕ್ಷಿಯ ಪಕ್ಕದ ಗೋಡೆ ತಡವಾಗಿ ಸಂಕುಚಿಸುವ ಹೃದಯ ವೈಫಲ್ಯದಲ್ಲಿ, ಆ ಗೋಡೆಯನ್ನು ಸಕಾಲಕ್ಕೆ ಮಿಡಿಸಲು ಮೂರನೆಯ ತಂತಿಯನ್ನು ಕೊರೊನರಿ ಸೈನಸ್ಸಿನ ಬಾಯಿಯಿಂದ ರಕ್ತದ ಹರಿವಿಗೆ ಎದುರಾಗಿ ಸಾಗಿಸಿ, ಅದರ ಮೇಲಿನ ಒಂದು ಕವಲಿನಲ್ಲಿ ಕೂರಿಸಬೇಕಾಗುತ್ತದೆ. ಈ ಕವಲುಗಳು ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿರುವುದಿಲ್ಲ. ಹಿಂದೆ ಹೃದಯಾಘಾತವಾದವರಲ್ಲಿ ಬೇಕಾದ ಕವಲು ಇಲ್ಲದಿರುವುದೂ ಉಂಟು. ಕೆಲವರಲ್ಲಿ ಬಾಯಿಯಲ್ಲಿರುವ ಕವಾಟವೇ ಅಡ್ಡ ಬರುತ್ತದೆ. ಕವಲು ತೀರಾ ಕಿರಿದಾದರೆ ತಂತಿ ನುಗ್ಗದು, ಅಗಲವಾದರೆ ನಿಲ್ಲದು. ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿನ) ನರಕ್ಕೆ ಹತ್ತಿರವಾದರೆ ಪ್ರತಿ ಮಿಡಿತಕ್ಕೂ ಬಿಕ್ಕಳಿಕೆಯಂತೆ ಹೊಟ್ಟೆ ಎಗರುತ್ತದೆ.

ಹಾಗೆಂದು ಸಿ.ಟಿ. ಎಲ್ಲರಿಗೂ ಅನಿವಾರ್ಯವಲ್ಲ. ಅನೇಕ ವೈದ್ಯರು ಅಳವಡಿಸುವಾಗಲೇ, ಸೈನಸ್ಸಿನಲ್ಲಿ ಪುಟ್ಟ ಬಲೂನನ್ನು ಕ್ಷಣಕಾಲ ಉಬ್ಬಿಸಿ, ಡೈಯನ್ನು ಹಿಮ್ಮುಖವಾಗಿ ತುಂಬಿ ಚಿತ್ರ ತೆಗೆಯುತ್ತಾರೆ. ಮೊದಲ ಯತ್ನ ವಿಫಲವಾದವರಿಗೆ ಅಥವಾ ಹುಟ್ಟಿನಿಂದಲೇ ನಾಳರಚನೆ ಭಿನ್ನವಾಗಿರುವವರಿಗೆ ಮುಂಚಿನ ಸಿ.ಟಿ. ಹೆಚ್ಚು ಉಪಯುಕ್ತ. ಒಂದು ಅಥವಾ ಎರಡು ತಂತಿಯ ಸಾಮಾನ್ಯ ಪೇಸ್‌ಮೇಕರಿಗೆ ಇದರ ಗೊಡವೆಯಿಲ್ಲ. ಡೈ ಮೂತ್ರಪಿಂಡಕ್ಕೆ ಹೊರೆಯಾಗಬಹುದಾದ್ದರಿಂದ ಕ್ರಿಯಾಟಿನಿನ್ ವರದಿಯನ್ನು ಮರೆಯದೆ ಒಯ್ಯಿರಿ.

ನೀವು ಕೇಳದಿದ್ದರೂ ಕೊಡಗಿನವರಿಗೆ ಹೇಳಲೇಬೇಕಾದ ಮಾತೊಂದಿದೆ: ಕೋವಿ. ಪೇಸ್‌ಮೇಕರ್ ಸಾಧನವನ್ನು ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ ಇಡುತ್ತಾರೆ. ಬಲ ಭುಜಕ್ಕೆ ಕೋವಿ ಆನಿಸುವವರಿಗೆ ಅದರಿಂದ ಅಷ್ಟು ತೊಂದರೆಯಿಲ್ಲ. ಎಡ ಭುಜಕ್ಕೆ ಆನಿಸಿ ಹೊಡೆಯುವವರಾದರೆ ಹಿಂದೊದೆತವು ಸಾಧನಕ್ಕೂ ತಂತಿಗೂ ಹಾನಿ ಮಾಡಬಲ್ಲದು. ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುರಿಯಿಡುವ ಆಸೆ ಮಾವನವರಿಗೆ ಇನ್ನೂ ಇದ್ದರೆ, ಯಾವ ಭುಜ ಎಂಬುದನ್ನು ಅಳವಡಿಕೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಆಗ ಇನ್ನೊಂದು ಬದಿಗೆ ಹಾಕುವ ಬಗ್ಗೆ ಅವರು ಯೋಚಿಸಬಹುದು.